ಸೊಟ್ಟ ಕತ್ತಿನ ಪಿಳ್ಳೆ

ರಾಮನಗರದ ರೀಲರ್‌ಗಳ ಬೀದಿಯಲ್ಲಿ ಕೋಳಿ ಸಾಕುವವರು ಬೇಕಾದಷ್ಟು ಜನ ಇದ್ದಾರೆ. ಕೋಳಿ ಸಾಕುವುದು ಹೇಗೆಂದು ಭಾಷಣ ಮಾಡುವವಳು ಮಾತ್ರ ವಜೀರಾ ಒಬ್ಬಳೇ. ಯಾರ ಮನೆಯ ಕೋಳಿ ಕಾವಿಗೆ ಕೂತರೂ ಅವಳಿಗೆ ಸುದ್ದಿ ಮುಟ್ಟಬೇಕು, ಅವಳು ಬಂದು ನೋಡಬೇಕು, ಮೊಟ್ಟೆಯ ಕೆಳಗೆ ಹಾಸಿದ ಹುಲ್ಲು ಸರಿಯಿಲ್ಲ ಎನ್ನಬೇಕು. ಹೆಂಗಸರು ಬೆನ್ನ ಹಿಂದೆ ನಗುತ್ತಿದ್ದರು, ಆದರೂ ಅವಳು ಹೇಳಿದ ಹಾಗೆಯೇ ಮಾಡುತ್ತಿದ್ದರು. ಯಾಕೆಂದರೆ ವಜೀರಾಳ ಕೋಳಿಗಳು ನಿಜಕ್ಕೂ ಒಂದು ಕೈಯಲ್ಲಿ ಎತ್ತಲಾಗದಷ್ಟು ದಪ್ಪ ಇರುತ್ತಿದ್ದವು.

ಅದರ ಗುಟ್ಟು ಹುಳು. ಅವಳ ಗಂಡ ವಹಾಬ್ ಮನೆಯ ಹಿಂದಿನ ಶೆಡ್ಡಿನಲ್ಲಿ ರೇಷ್ಮೆ ನೂಲು ಬಿಚ್ಚಿಸುವವನು. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಎಳೆಯ ತುದಿ ಹುಡುಕಿ, ನೂಲೆಲ್ಲ ರಾಟೆಗೆ ಸುತ್ತಿಕೊಂಡ ಮೇಲೆ ತಳದಲ್ಲಿ ಉಳಿಯುವುದು ಕಂದು ಬಣ್ಣದ ಬೆಂದ ಹುಳು. ಅದನ್ನು ವಜೀರಾ ತಾರಸಿಯ ಮೇಲೆ ಒಣಗಿಸಿ, ಚೀಲಕ್ಕೆ ತುಂಬಿ, ದಿನಕ್ಕೆರಡು ಹೊತ್ತು ಕೋಳಿಗಳಿಗೆ ಎರಚುತ್ತಿದ್ದಳು. ಹೊರಗಿನವರು ಆ ವಾಸನೆಗೆ ಮೂಗು ಮುಚ್ಚಿಕೊಂಡು ಓಡುತ್ತಾರೆ. ಬೀದಿಯವರಿಗೆ ಅದು ಅನ್ನದ ವಾಸನೆ. ಚೀಲ ಹಳೆಯದಾದಷ್ಟೂ ವಾಸನೆ ಜೋರು, ವಾಸನೆ ಜೋರಾದಷ್ಟೂ ಎಣ್ಣೆ ಹೆಚ್ಚು, ಎಣ್ಣೆ ಹೆಚ್ಚಾದಷ್ಟೂ ಕೋಳಿ ದಪ್ಪ ಎಂಬುದು ವಜೀರಾಳ ಸಿದ್ಧಾಂತ. ಅದನ್ನು ಅವಳು ಬೀದಿಗೆಲ್ಲ ಸಾರಿದ್ದಳು.

ಆ ಸೋಮವಾರ ಬೆಳಿಗ್ಗೆ ರಾತ್ರಿ ಮುಚ್ಚಿಟ್ಟಿದ್ದ ಬಿದಿರಿನ ಮಂಕರಿ ಎತ್ತಿದಾಗ ಹತ್ತು ಪಿಳ್ಳೆಗಳು ತಾಯಿ ಕೋಳಿಯ ಹಿಂದೆ ಓಡಿದವು. ಹನ್ನೊಂದನೆಯದು, ಬೂದಿ ಬಣ್ಣದ್ದು, ಅಲ್ಲೇ ಕೂತು ಆಕಾಶ ನೋಡುತ್ತಿತ್ತು. ಹದ್ದುಗಿದ್ದು ಬಂತೇನೋ ಎಂದು ವಜೀರಾಳೂ ತಲೆಯೆತ್ತಲು ಹೋದಳು, ಕತ್ತಿನ ಪಟ್ಟಿ ಬಿಡಲಿಲ್ಲ. ಇಪ್ಪತ್ತೆಂಟು ವರ್ಷ ಬಿಸಿನೀರಿನ ತೊಟ್ಟಿಯ ಮೇಲೆ ಬಗ್ಗಿ ನೂಲು ಬಿಚ್ಚಿದ್ದಕ್ಕೆ ಸಿಕ್ಕ ಬಹುಮಾನ ಆ ಪಟ್ಟಿ. ಡಾಕ್ಟರು ಅದನ್ನು ಕಟ್ಟಿ, ಇನ್ನು ಬಗ್ಗಿ ಕೆಲಸ ಮಾಡಬೇಡಿ ಎಂದು ಹೇಳಿ ಎರಡು ವರ್ಷವಾಗಿತ್ತು.

ಪಿಳ್ಳೆಯನ್ನು ಎಬ್ಬಿಸಿದಳು. ಅದು ಮುಂದೆ ಹೋಗುವ ಬದಲು ಹಿಂದಕ್ಕೆ ಹೆಜ್ಜೆಯಿಟ್ಟಿತು, ಗಿರಕಿ ಹೊಡೆಯಿತು, ಪಕ್ಕಕ್ಕೆ ಬಿತ್ತು. ಒದ್ದೆ ಬಟ್ಟೆ ಹಿಂಡಿದಂತೆ ಕತ್ತು ತಿರುಚಿಕೊಂಡು ನೆತ್ತಿ ಬೆನ್ನಿಗೆ ತಾಗಿತ್ತು, ಕೊಕ್ಕು ಮೇಲಾಗಿತ್ತು. ಕಣ್ಣು ಮಾತ್ರ ಅವಳನ್ನೇ ನೋಡುತ್ತಿತ್ತು. ಹನ್ನೊಂದರಲ್ಲಿ ಅವಳ ಮುದ್ದಿನ ಪಿಳ್ಳೆ ಅದೇ, ದಿನಾ ಅವಳ ಮಡಿಲಿಗೆ ಹತ್ತಿ ಕೂರುತ್ತಿದ್ದುದು.

ವಹಾಬ್ ಬಂದವನೇ ಒಂದು ಸಲ ನೋಡಿ ಕೊಕ್ಕರೆ ರೋಗ ಎಂದುಬಿಟ್ಟ. ಒಂದೇ ವಾರದಲ್ಲಿ ಇಡೀ ಕೋಳಿಗೂಡನ್ನೇ ಖಾಲಿ ಮಾಡುವ ಕಾಯಿಲೆ ಅದು. ಕತ್ತು ತಿರುಚುವುದು ಅದರ ಲಕ್ಷಣವೆಂದು ಆ ಭಾಗದಲ್ಲಿ ಮಕ್ಕಳಿಗೂ ಗೊತ್ತು. ಉಳಿದವಕ್ಕೆ ಅಂಟುವ ಮೊದಲು ಇದನ್ನು ಮುಗಿಸಿ ಹೂತುಬಿಡುವುದು ಒಳ್ಳೆಯದು ಎಂದ. ಕೆಟ್ಟ ಮನುಷ್ಯನಲ್ಲ, ಲೋಕದ ಮಾತನ್ನೇ ಆಡಿದ. ವಜೀರಾಳಿಗೆ ಮಾತ್ರ ಕೋಪ ನೆತ್ತಿಗೇರಿತು. ಪಿಳ್ಳೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು.

"ಕತ್ತು ಸೊಟ್ಟಗಾದ್ರೆ ಮುಗಿಸೋದು ಅಂದ್ರೆ, ಎರಡು ವರ್ಷದ ಕೆಳಗೇ ನನ್ನ ಮುಗಿಸಬೇಕಾಗಿತ್ತು ನೀವು," ಎಂದಳು.

ವಹಾಬ್ ಬಂದ ದಾರಿಯಲ್ಲೇ ಶೆಡ್ಡಿಗೆ ಹೋದ.

ಆದರೆ ವಿಷಯ ಗಂಡನ ಬಾಯಿ ಮುಚ್ಚಿಸಿದರೆ ಮುಗಿಯುವಂಥದ್ದಾಗಿರಲಿಲ್ಲ. ತಾಯಿ ಕೋಳಿ ಅವಳದಲ್ಲ. ಅದು ಕನಕಪುರದಾಚೆ ಕೋಡಿಹಳ್ಳಿ ಕಡೆಯ ದೊಡ್ಡಲಕ್ಷ್ಮಮ್ಮನದು. ಆಕೆ ರಾಮನಗರದ ಮಾರುಕಟ್ಟೆಗೆ ರೇಷ್ಮೆಗೂಡು ತರುವ ರೈತ ಹೆಂಗಸು, ವಹಾಬನಿಗೆ ಹದಿನೈದು ವರ್ಷದ ಪರಿಚಯ. ಎರಡು ವರ್ಷದ ಹಿಂದೆ, ಬಗ್ಗುವ ಕೆಲಸ ಬಿಟ್ಟು ಸುಮ್ಮನೆ ಕೂತಿದ್ದ ವಜೀರಾಳನ್ನು ನೋಡಲಾರದೆ, ತನ್ನ ಒಳ್ಳೆಯ ಕೋಳಿಯೊಂದನ್ನು ಪಾಲಿಗೆ ಬಿಟ್ಟಿದ್ದಳು. ಪ್ರತಿಯಾಗಿ ವಜೀರಾ ಆಗಾಗ ಒಂದು ಚೀಲ ಹುಳು ಕಳಿಸುತ್ತಿದ್ದಳು. ಪಾಲಿನ ಕಟ್ಟಳೆ ಎಲ್ಲರಿಗೂ ಗೊತ್ತಿರುವುದೇ. ಕೋಳಿ ಕೊಟ್ಟವರದು, ಸಾಕಣೆ ಸಾಕುವವರದು. ತಾಯಿ ಮರಿಗಳನ್ನು ಕುಕ್ಕಿ ಓಡಿಸತೊಡಗಿದ ಮೇಲೆ ಒಂದು ದಿನ ಗೊತ್ತುಮಾಡಿ ಮರಿಗಳನ್ನು ಹಂಚಿಕೊಳ್ಳುವುದು. ಕೊಟ್ಟವರು ಮೊದಲು ಆರಿಸಬೇಕು. ಕುಂಟೋ ಕುರುಡೋ ಇದ್ದರೆ ಅದು ಸಾಕಿದವರ ಪಾಲಿಗೆ. ಒಮ್ಮೆ ಕೈಯಿಟ್ಟು ಎತ್ತಿದ್ದನ್ನು ಯಾರೂ ಕೆಳಗಿಡುವಂತಿಲ್ಲ.

ಕಾಯಿಲೆ ಬಿದ್ದ ಸುದ್ದಿ ಮುಚ್ಚಿಟ್ಟರೆ ಪಾಲಿಗೆ ಮೋಸ ಮಾಡಿದ ಹಾಗೆ. ಆದ್ದರಿಂದ ವಜೀರಾ ಅವತ್ತೇ ಫೋನ್ ಮಾಡಿ, ಒಂದು ಪಿಳ್ಳೆಯ ಕತ್ತು ತಿರುಚಿಕೊಂಡಿದೆ ಎಂದು ಹೇಳಿದಳು. ಆ ಕಡೆಯಿಂದ ಬೈಗುಳ ಬರಬೇಕಿತ್ತು, ಬಂದದ್ದು ಭಯ.

"ಹೋದ ಬ್ಯಾಸ್ಗೇಲಿ ಮೂವತ್ ಕೋಳೀನ ಗುಂಡಿಗಾಕಿವ್ನಿ ಕಣೆ ವಜೀರಾ. ಅದ್ರ ಕತ್ತು ಮುರ್ದು ಇವತ್ತೇ ಹೂತಾಕ್ಬುಡು. ನನ್ ಕೋಳಿಗೇನಾರ ಆದ್ರೆ ನಿಂಗೂ ನಂಗೂ ಪಾಲು ಅಲ್ಲಿಗೇ ಮುಗೀತು."

"ಅಕ್ಕ, ಇಪ್ಪತ್ತು ದಿನಕ್ಕೆ ಪಾಲಿನ ಭಾನುವಾರ ಬತ್ತದೆ. ಹನ್ನೊಂದೂ ನಿಮ್ ಮುಂದೆ ನಿಲ್ಲಿಸ್ತೀನಿ. ಆಮೇಲೆ ಏನ್ ಹೇಳ್ತೀರೋ ಹೇಳಿ."

ನಿಲ್ಲಿಸದೇ ಹೋದರೆ ಕೋಳಿಯನ್ನೂ ಮರಿಗಳನ್ನೂ ಕಟ್ಟಿಕೊಂಡು ಹೋಗುತ್ತೇನೆ ಎಂದು ದೊಡ್ಡಲಕ್ಷ್ಮಮ್ಮ ಫೋನಿಟ್ಟಳು. ಮಾತು ಕೊಟ್ಟಾಗಿತ್ತು. ಕೊಟ್ಟ ಮಾತು ಸೆರಗಿನಲ್ಲಿ ಮಲಗಿ ಆಕಾಶ ನೋಡುತ್ತಿತ್ತು.

ಪ್ಲಾಸ್ಟಿಕ್ ಬುಟ್ಟಿಯಲ್ಲಿ ಪಿಳ್ಳೆಯನ್ನಿಟ್ಟುಕೊಂಡು ಆಟೋ ಹತ್ತಿ ವಜೀರಾ ದನದ ಆಸ್ಪತ್ರೆಗೆ ಹೋದಳು. ಅಲ್ಲಿ ಎಮ್ಮೆ, ಕುರಿ, ಒಂದು ಜಾತಿ ನಾಯಿ ಕಾದಿದ್ದವು. ಕೋಳಿಪಿಳ್ಳೆ ತಂದವಳು ಇವಳೊಬ್ಬಳೇ. ಎಮ್ಮೆಯವನು ಬುಟ್ಟಿಯೊಳಗೆ ಇಣುಕಿ ಇದಕ್ಕೆ ಆಟೋ ಚಾರ್ಜು ದಂಡ ಎಂದು ನಕ್ಕ. ನಿನ್ನ ಎಮ್ಮೆಯಾದರೂ ನೆಟ್ಟಗೆ ನಿಂತಿದೆ, ನಕ್ಕೋ ಎಂದಳು ಇವಳು.

ಡಾಕ್ಟರು ರಮ್ಯಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಅವಳು ನಗಲಿಲ್ಲ. ಪಿಳ್ಳೆಯನ್ನು ಅಂಗೈಯಲ್ಲಿ ಮಲಗಿಸಿ ಕಾಲು, ರೆಕ್ಕೆ, ಕಣ್ಣು ನೋಡಿದಳು. ಉಳಿದವು ಕೆಮ್ಮುತ್ತವೆಯೇ, ಹಸಿರು ಹಿಕ್ಕೆ ಹಾಕುತ್ತವೆಯೇ, ಆ ರೋಗ ಬಾರದಂತೆ ಏಳನೇ ದಿನ ಹಾಕುವ ಹನಿ ಮದ್ದು ಹಾಕಿಸಿದ್ದೀರಾ ಎಂದು ಒಂದೊಂದಾಗಿ ಕೇಳಿದಳು. ಹನಿ ಹಾಕಿಸಿತ್ತು, ಉಳಿದ ಹತ್ತೂ ಗುಂಡುಕಲ್ಲಿನಂತಿದ್ದವು. ಹಾಗಾದರೆ ಕೊಕ್ಕರೆ ರೋಗ ಅನ್ನಿಸುತ್ತಿಲ್ಲ, ಆದರೂ ಬೇರೆ ಇಡಿ ಎಂದು ಹೇಳಿ, ತಿನ್ನುವುದಕ್ಕೆ ಏನು ಹಾಕುತ್ತೀರಿ ಎಂದು ಕೇಳಿದಳು.

ಈ ಪ್ರಶ್ನೆಗೆ ವಜೀರಾಳ ಮುಖ ಅರಳಿತು. ಬ್ಯಾಗಿನಿಂದ ಕಾಗದದ ಪೊಟ್ಟಣ ತೆಗೆದು, ಡಾಕ್ಟರ ಮುಂದೆಯೇ ಪಿಳ್ಳೆಯ ಕೊಕ್ಕಿಗೆ ಒಂದು ಹುಳು ಹಿಡಿದಳು. ಕಾಯಿಲೆಯಾದರೂ ಇದನ್ನು ಮಾತ್ರ ಬಿಡುವುದಿಲ್ಲ ನೋಡಿ ಎಂದಳು. ರಮ್ಯಾ ಅವಳ ಕೈ ಹಿಡಿದು ತಡೆದಳು. ಹುಳುವನ್ನು ಮೂಗಿನ ಹತ್ತಿರ ತಂದು ಮುಖ ಕಿವುಚಿದಳು.

"ಇದು ಯಾವಾಗಿಂದು ಅಮ್ಮ?"

"ರಂಜಾನ್‌ಗೆ ಮುಂಚೆ ಒಣಗ್ಸಿ ಇಟ್ಟಿದ್ದು ಮೇಡಂ. ಹಳೇದಾದಷ್ಟೂ ಎಣ್ಣೆ ಬಿಡ್ತದೆ."

"ಎಣ್ಣೆ ಕಮಟು ಹಿಡಿದಿದೆ ಅಮ್ಮ. ಹೊಸ ಹುಳ ಆದ್ರೆ ಒಳ್ಳೇದೇ, ಬೇಡ ಅನ್ನಲ್ಲ. ಕಮಟು ಎಣ್ಣೆ ಒಳಗೆ ಹೋದ್ರೆ ಮೈಯಲ್ಲಿರೋ ವಿಟಮಿನ್ನನ್ನೇ ಹಾಳು ಮಾಡುತ್ತೆ. ಎಳೇ ಮರಿಗಳಿಗೆ ಮಿದುಳಿಗೇ ಹೊಡೆಯುತ್ತೆ, ಕತ್ತು ಹಿಂಗಾಗುತ್ತೆ."

ಹಾಗಾದರೆ ಉಳಿದ ಹತ್ತಕ್ಕೆ ಯಾಕಾಗಿಲ್ಲ ಎಂದು ಕೇಳಲು ವಜೀರಾ ಬಾಯಿ ತೆರೆದಳು, ಅಷ್ಟರಲ್ಲಿ ಉತ್ತರ ಅವಳಿಗೇ ಹೊಳೆಯಿತು. ಆ ಹತ್ತು ಅಂಗಳದಲ್ಲಿ ಸೊಪ್ಪು, ಕಾಳು, ಗೆದ್ದಲು ಕೆದಕಿ ತಿನ್ನುತ್ತಿದ್ದವು. ಇದೊಂದನ್ನು ಮಾತ್ರ ಅವಳು ಮಡಿಲಲ್ಲಿ ಕೂರಿಸಿಕೊಂಡು, ಬೆಳಿಗ್ಗೆ ಸಂಜೆ ತನ್ನ ಕೈಯಾರೆ, ಹಳೆಯ ಚೀಲದ ತಳದಿಂದ ಆರಿಸಿ ಆರಿಸಿ ತಿನ್ನಿಸಿದ್ದಳು. ಮುದ್ದು ಮಾಡಿದ ಕೈಯೇ ವಿಷ ಹಾಕಿತ್ತು. ಬೀದಿಗೆ ಬುದ್ಧಿ ಹೇಳುವವಳು ಡಾಕ್ಟರ ಮೇಜಿನ ಮುಂದೆ ನಾಚಿಕೆಯಿಂದ ಕಿರಿದಾಗಿ ಹೋದಳು. ಬದುಕುತ್ತದೆಯೇ ಎಂದು ಕೇಳಿದಳು. ಖಾತ್ರಿ ಹೇಳಲಾರೆ, ಆರೈಕೆ ಮಾಡುವವರ ತಾಳ್ಮೆಯ ಮೇಲೆ ಹೋಗುತ್ತದೆ, ಹದಿನೈದು ದಿನ ಬೇಕಾದೀತು ಎಂದು ರಮ್ಯಾ ಹೇಳಿದಳು.

ಮದ್ದು ದೊಡ್ಡದೇನಲ್ಲ. ವಿಟಮಿನ್ನಿನ ಹಸಿರು ಗುಳಿಗೆಗೆ ಸೂಜಿ ಚುಚ್ಚಿ ದಿನಕ್ಕೆರಡು ಹನಿ, ಅದರ ಜೊತೆಗೆ ಇನ್ನೊಂದು ಬಾಟಲಿಯಿಂದ ಎರಡು ಹನಿ. ನುಗ್ಗೆಸೊಪ್ಪು, ಮೊಳಕೆ ಬಂದ ಹೆಸರುಕಾಳು ಅರೆದು ರಾಗಿ ಅಂಬಲಿಯಲ್ಲಿ ಬೆರೆಸಿ ಕುಡಿಸುವುದು. ಕಷ್ಟವಿದ್ದದ್ದು ಕುಡಿಸುವುದರಲ್ಲಿ. ತಲೆಕೆಳಗಾದ ಕೊಕ್ಕಿಗೆ ಹನಿ ಹಾಕಿದರೆ ಅದು ಶ್ವಾಸಕ್ಕೆ ಹೋಗಿ ಜೀವವೇ ಹೋದೀತು. ಮೊದಲು ಕತ್ತನ್ನು ನಿಧಾನವಾಗಿ ಸುತ್ತು ಬಿಚ್ಚಿ ನೇರ ಮಾಡಿ, ಹಾಗೇ ಹಿಡಿದುಕೊಂಡು, ಕೊಕ್ಕಿನ ಪಕ್ಕಕ್ಕೆ ಹನಿ ಮುಟ್ಟಿಸಬೇಕು, ಅದು ತಾನಾಗಿ ನುಂಗಬೇಕು. ದಿನಕ್ಕೆ ಎಂಟು ಸಲ, ಒಂದು ಸಲಕ್ಕೆ ಅರ್ಧ ಗಂಟೆ. ಮನೆಗೆ ಬಂದು ವಜೀರಾ ಟವೆಲನ್ನು ಸಿಂಬಿ ಸುತ್ತಿ ಅದರ ನಡುವೆ ಪಿಳ್ಳೆಯನ್ನು ಕೂರಿಸಿ, ಕತ್ತಿಗೆ ಆಸರೆ ಮಾಡಿದಳು.

ಪಿಳ್ಳೆಯನ್ನು ಕೂರಿಸಿದ ಮೇಲೆ ಅವಳು ಎದ್ದು ಹೊರಗೆ ಹೋಗಿ ಇನ್ನೊಂದು ಕೆಲಸ ಮಾಡಿದಳು. ಅದು ಅವಳ ಪಾಲಿಗೆ ಮದ್ದಿಗಿಂತ ಕಹಿ. ಜಗಲಿಯ ಮೇಲೆ ನಿಂತು, ಎದುರುಮನೆಯ ಅತಿಯಾಳಿಂದ ಹಿಡಿದು ಬೀದಿಯ ಎಲ್ಲ ಹೆಂಗಸರನ್ನೂ ಕೂಗಿ, ಹಳೆಯ ಹುಳು ಹಾಕಿ ಎಂದು ನಾನು ಹೇಳಿದ್ದು ತಪ್ಪು, ಇದ್ದಬದ್ದ ಚೀಲವನ್ನೆಲ್ಲ ತಿಪ್ಪೆಗೆ ಸುರಿಯಿರಿ ಎಂದಳು. ಬೀದಿಗೆ ಹಬ್ಬವಾಯಿತು. ಹಾಗಾದರೆ ಕಾವಿನ ಹುಲ್ಲು ಸರಿಯಿತ್ತೋ ಇಲ್ಲವೋ ಎಂದು ಅತಿಯಾ ಕೇಳಿದಳು. ವಜೀರಾ ತುಟಿ ಕಚ್ಚಿ ಒಳಗೆ ಬಂದಳು. ಆದರೆ ದೊಡ್ಡಲಕ್ಷ್ಮಮ್ಮನಿಗೆ ಫೋನ್ ಮಾಡಿ ಇದನ್ನೇ ಹೇಳುವ ಧೈರ್ಯ ಮಾತ್ರ ಅವಳಿಗೆ ಬರಲಿಲ್ಲ. ನನ್ನ ಕೋಳಿ ಸಾಕೆಂದು ಕೊಟ್ಟರೆ ನೀನೇ ವಿಷ ಹಾಕಿದೆಯಾ ಎಂದರೆ ಏನು ಹೇಳುವುದು? ಹನ್ನೊಂದೂ ನಿಂತ ದಿನ ಹೇಳೋಣ ಎಂದುಕೊಂಡಳು.

ಮೂರನೇ ದಿನ ಪಿಳ್ಳೆ ಇನ್ನೂ ಇಳಿದುಹೋಯಿತು. ಕಾಲು ಚಾಚಿ ಮಲಗಿಬಿಟ್ಟಿತು, ಬಾಯಿಗೆ ಹಾಕಿದ ಅಂಬಲಿ ಪಕ್ಕಕ್ಕೆ ಸೋರಿತು. ವಜೀರಾ ಮುಸುಕೆಳೆದುಕೊಂಡು ಅತ್ತಳು. ಮಗಳ ಮದುವೆಯಲ್ಲೂ ಅಷ್ಟು ಅತ್ತಿರಲಿಲ್ಲ. ಅವಳ ಕತ್ತಂತೂ ಬಗ್ಗಿ ಬಗ್ಗಿ ಕಬ್ಬಿಣವಾಗಿತ್ತು, ಪಟ್ಟಿಯ ಅಂಚು ಗದ್ದಕ್ಕೆ ಒತ್ತಿ ಕೆಂಪಾಗಿತ್ತು. ಮಧ್ಯಾಹ್ನ ಹಾಗೇ ಗೋಡೆಗೊರಗಿ ಕಣ್ಣು ಮುಚ್ಚಿದ್ದವಳು ಬೆಚ್ಚಿ ಎದ್ದು ನೋಡಿದರೆ, ವಹಾಬ್ ಪಿಳ್ಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಎರಡು ಬೆರಳಿನ ನಡುವೆ ಆ ಕತ್ತು, ಇನ್ನೊಂದು ಕೈಯಲ್ಲಿ ಹನಿ.

ನೂಲಿನ ಮನೆಯವರ ಬೆರಳುಗಳವು. ಬೆಂದ ಗೂಡಿನಿಂದ ಕಣ್ಣಿಗೆ ಕಾಣದ ಎಳೆಯ ತುದಿ ಹುಡುಕುವಾಗ ಜೋರು ಮಾಡಿದರೆ ಎಳೆ ತುಂಡಾಗುತ್ತದೆ, ಬಿಟ್ಟರೆ ಸಿಕ್ಕಾಗುತ್ತದೆ. ಎಳೆ ಬಂದಷ್ಟು ಮಾತ್ರ ಕೈ ಹೋಗಬೇಕು. ವಹಾಬ್ ಆ ಕತ್ತನ್ನೂ ಹಾಗೆಯೇ ಹಿಡಿದಿದ್ದ. ತಿರುಗುವಷ್ಟು ತಿರುಗಿಸಿ, ಬಿಗಿ ಬಂದಲ್ಲಿ ನಿಂತು, ಅದು ಸಡಿಲವಾದ ಮೇಲೆ ಮತ್ತಷ್ಟು. ಮೂರು ದಿನ ಅವಸರ ಮಾಡುತ್ತಿದ್ದುದು ತಾನೇ ಎಂದು ವಜೀರಾಳಿಗೆ ಗೊತ್ತಾಯಿತು. ಅವತ್ತಿನಿಂದ ಎಂಟರಲ್ಲಿ ಮೂರು ಸರದಿ ಅವನದಾಯಿತು.

ಆರನೇ ದಿನ ಕತ್ತು ನೇರ ಮಾಡಿ ಬಿಟ್ಟರೆ ಹತ್ತು ಎಣಿಸುವವರೆಗೆ ನೇರ ನಿಲ್ಲತೊಡಗಿತು. ಎಂಟನೇ ದಿನ ಐವತ್ತರವರೆಗೆ. ಒಂಬತ್ತನೇ ದಿನ ವಜೀರಾ ಅಂಗೈಯಲ್ಲಿ ಮೊಳಕೆಕಾಳು ಹಿಡಿದಳು. ಪಿಳ್ಳೆ ಕಾಳಿಗೆ ಗುರಿಯಿಟ್ಟು ಅವಳ ಹೆಬ್ಬೆರಳನ್ನು ಕುಕ್ಕಿತು. ಮತ್ತೆ ಗುರಿಯಿಟ್ಟು ಬಳೆಯನ್ನು ಕುಕ್ಕಿತು. ಆಮೇಲೆ ನೆಲ, ಆಮೇಲೆ ಅವಳ ಮೂಗಿನ ತುದಿ. ಕಣ್ಣಲ್ಲಿ ನೀರು ಬರುವ ಹಾಗೆ ಕುಕ್ಕಿತು, ಆದರೂ ಅವಳು ಕೈ ಸರಿಸಲಿಲ್ಲ. ಹದಿನಾಲ್ಕನೇ ಸಲಕ್ಕೆ ಕೊಕ್ಕು ಕಾಳಿನ ಮೇಲೆಯೇ ಬಿತ್ತು. ಕಾಳು ಒಳಗೆ ಹೋಯಿತು. ವಜೀರಾ ಶೆಡ್ಡಿಗೆ ಓಡಿದಳು, ಯಂತ್ರದ ಸದ್ದಿನಲ್ಲಿ ವಹಾಬನಿಗೆ ಏನೂ ಕೇಳಿಸದಿದ್ದುದರಿಂದ, ತಿಂತು ಎಂದು ಕೈಸನ್ನೆಯಲ್ಲೇ ಹೇಳಿದಳು. ಅವನು ಯಂತ್ರ ನಿಲ್ಲಿಸಿಯೇಬಿಟ್ಟ.

ಅಲ್ಲಿಂದಾಚೆಗೆ ಪಿಳ್ಳೆ ಹಿಂದೆ ನೋಡಲಿಲ್ಲ, ನಿಜವಾಗಿಯೂ. ಹನ್ನೆರಡನೇ ದಿನ ನೇರ ನಡೆಯಿತು. ಹದಿನಾರನೇ ದಿನ ಅಂಗಳಕ್ಕೆ ಬಿಟ್ಟಾಗ ಒಡಹುಟ್ಟಿದ ಹತ್ತೂ ಹೊಸಬನೆಂದು ಮುತ್ತಿಗೆ ಹಾಕಿದವು. ವಜೀರಾ ಕೋಲು ಹಿಡಿದು ನಿಂತಿದ್ದಳು, ಅದಕ್ಕೆ ಕೆಲಸ ಬೀಳಲಿಲ್ಲ. ಎರಡು ವಾರ ಅಂಬಲಿ, ಸೊಪ್ಪು, ಮೊಳಕೆಕಾಳು ಒಂದೇ ಹೊಟ್ಟೆಗೆ ಹೋಗಿತ್ತಲ್ಲ, ಬೂದಿ ಪಿಳ್ಳೆ ರೆಕ್ಕೆ ಬಿಚ್ಚಿ ಎಗರಿ ಒಂದಕ್ಕೆ ಕೊಟ್ಟ ಏಟಿಗೆ ಉಳಿದವು ದಾರಿ ಬಿಟ್ಟವು.

ಪಾಲಿನ ಭಾನುವಾರ ದೊಡ್ಡಲಕ್ಷ್ಮಮ್ಮ ಮೊದಲ ಬಸ್ಸಿಗೇ ಬಂದಳು. ಕೈಯಲ್ಲಿ ಖಾಲಿ ಮಂಕರಿ, ಮುಖದಲ್ಲಿ ನಿದ್ದೆಗೆಟ್ಟ ಕಳೆ. ಟೀ ಕುಡಿಯಲಿಲ್ಲ. ಮೊದಲು ಆ ಸೊಟ್ಟ ಕತ್ತಿಂದನ್ನ ತೋರಿಸು, ಅದು ನಿನ್ನ ಪಾಲು ಎಂದಳು. ಅಲ್ಲೇ ಇದೆ ಅಕ್ಕ, ನೀವೇ ಹುಡುಕಿಕೊಳ್ಳಿ ಎಂದಳು ವಜೀರಾ. ಫೋನಿನಲ್ಲಿ ಬಣ್ಣ ಹೇಳಿರಲಿಲ್ಲ.

ದೊಡ್ಡಲಕ್ಷ್ಮಮ್ಮ ಎಣಿಸಿದಳು, ಹನ್ನೊಂದು. ಬೇರೆಲ್ಲಿಂದಲೋ ಒಂದು ತಂದು ಸೇರಿಸಿದ್ದಾಳೆಯೇ ಎಂದು ತಾಯಿಯ ಜಾತಿಯ ಗರಿಗಾಲು ನೋಡಿದಳು, ಹನ್ನೊಂದಕ್ಕೂ ಇತ್ತು. ರಾಗಿ ಎರಚಿ ಕುಕ್ಕುವುದನ್ನು ನೋಡಿದಳು. ಚಪ್ಪಾಳೆ ತಟ್ಟಿ ಓಡಿಸಿದಳು. ಒಂದೊಂದನ್ನೂ ಬಗ್ಗಿ, ಎದುರಿನಿಂದ, ಹಿಂದಿನಿಂದ ನೋಡಿದಳು, ಆದರೆ ಕೈ ಮಾತ್ರ ಹಾಕಲಿಲ್ಲ. ಕಟ್ಟಳೆ ಗೊತ್ತಿದ್ದವಳು. ಅರ್ಧ ಗಂಟೆಯಾಯಿತು. ವಹಾಬ್ ಶೆಡ್ಡಿನ ಬಾಗಿಲಲ್ಲಿ ಬಂದು ನಿಂತ.

ಕೊನೆಗೆ ಮೂವತ್ತು ವರ್ಷ ಕೋಳಿ ಸಾಕಿದ ಆ ಕಣ್ಣು ಒಂದರ ಮೇಲೆ ನಿಂತಿತು. ಎದೆ ಅಗಲ, ಕಾಲು ದಪ್ಪ, ಜುಟ್ಟು ಆಗಲೇ ಕೆಂಪಗೆ ಮೂಡುತ್ತಿದ್ದ ಹುಂಜ. ದೊಡ್ಡಲಕ್ಷ್ಮಮ್ಮ ಗಬಕ್ಕನೆ ಬಾಚಿ ಎತ್ತಿಕೊಂಡಳು.

"ಇದು ನಂದು. ಈಗ್ಲಾರ ಹೇಳು, ಸೊಟ್ಟ ಕತ್ತಿಂದು ಯಾವ್ದು?"

"ನಿಮ್ ಕೈಲಿ ಐತಲ್ಲ ಅಕ್ಕ, ಅದೇ."

ದೊಡ್ಡಲಕ್ಷ್ಮಮ್ಮ ಬೂದಿ ಹುಂಜವನ್ನು ತಿರುಗಿಸಿ ನೋಡಿದಳು, ಕತ್ತನ್ನು ಬೆರಳಿನಿಂದ ಸವರಿದಳು. ಅದು ಕತ್ತು ನಿಗುರಿಸಿ ಅವಳ ಮೂಗುತಿಯನ್ನು ಕುಕ್ಕಲು ನೋಡಿತು. ವಜೀರಾಳಿಗೆ ಕುಣಿಯಬೇಕೆನ್ನಿಸಿತು. ತನ್ನ ಮುದ್ದಿನದು ಕೈಬಿಟ್ಟು ಹೋಯಿತು ಎಂಬ ನೋವು ಇತ್ತು, ನಿಜ. ಆದರೆ ಕತ್ತು ಮುರಿ ಎಂದವಳೇ ಹನ್ನೊಂದರಲ್ಲಿ ಇದೇ ಮೇಲೆಂದು ಎತ್ತಿಕೊಂಡಿದ್ದಾಳೆ! ಆ ಹೆಮ್ಮೆಯ ಮುಂದೆ ನೋವು ಸಣ್ಣದಾಯಿತು.

ಹೆಮ್ಮೆ ಗಂಟಲಲ್ಲಿರುವಾಗಲೇ ಉಳಿದದ್ದನ್ನೂ ಹೇಳಿಬಿಡಬೇಕಿತ್ತು, ಆಮೇಲೆ ಬಾಯಿ ಬರುತ್ತಿರಲಿಲ್ಲ.

"ಕೊಕ್ಕರೆ ರೋಗ ಅಲ್ಲ ಅಕ್ಕ ಅದು. ತಪ್ಪು ನಂದು. ಕಮಟು ಹಿಡ್ದಿದ್ ಹುಳಾನ ನಾನೇ ಕೈಯಾರೆ ತಿನ್ಸಿದ್ದೆ. ಅದ್ಕೇ ಕತ್ತು ತಿರುಗ್ತು. ಹೋದ ತಿಂಗ್ಳು ನಿಮ್ಗೂ ಒಂದು ಚೀಲ ಕಳಿಸಿದ್ನಲ್ಲ, ಅದ್ನ ಹಾಕ್ಬ್ಯಾಡಿ."

ಬೈಗುಳಕ್ಕೆ ತಯಾರಾಗಿ ನಿಂತಳು. ದೊಡ್ಡಲಕ್ಷ್ಮಮ್ಮ ಬೈಯಲಿಲ್ಲ. ಹುಂಜವನ್ನು ಹಿಡಿದುಕೊಂಡೇ ಜಗಲಿಯ ಮೇಲೆ ಕೂತಳು.

"ಗುರ್ವಾರದಿಂದ ನಮ್ಮನೇಲೂ ಒಂದು ಪಿಳ್ಳೆ ಹಂಗೇ ಮಾಡ್ತಾ ಐತೆ ಕಣೆ," ಎಂದಳು. "ನಿಂಗೆ ಅಷ್ಟು ಬೈದು, ನಂಗೇ ಆಯ್ತು ಅಂತ ಹೇಳಕ್ಕೆ ನಾಚ್ಕೆ. ಕತ್ತು ಮುರ್ಯಕ್ಕೆ ಮೂರ್ ದಿನ್ದಿಂದ ಹೋಯ್ತೀನಿ, ಬತ್ತೀನಿ. ಕೈ ಬರಾಕಿಲ್ಲ. ಇವತ್ತು ಹೋಗಿ ಮುಗುಸ್ಬೇಕು ಅಂತ ಮಂಕ್ರಿ ಕೆಳೀಕೆ ಮುಚ್ಚಾಕಿ ಬಂದಿವ್ನಿ."

ವಜೀರಾ ಒಂದು ಗಳಿಗೆಯೂ ನಿಲ್ಲಲಿಲ್ಲ. ಒಳಗೆ ಹೋಗಿ ಗುಳಿಗೆಯ ಪಟ್ಟಿ, ಬಾಟಲಿ, ಸೂಜಿ ಬ್ಯಾಗಿಗೆ ಹಾಕಿದಳು, ಒಂದು ಟವೆಲು ತುರುಕಿದಳು, ಬುರ್ಖಾ ಹಾಕಿ ಕತ್ತಿನ ಪಟ್ಟಿ ಬಿಗಿ ಮಾಡಿಕೊಂಡು ಹೊರಗೆ ಬಂದಳು. ಉಳಿದ ಹತ್ತರ ಪಾಲು ಯಾವಾಗ ಎಂದು ವಹಾಬ್ ಬಾಗಿಲಿನಿಂದ ಕೇಳಿದ. ಬಂದ ಮೇಲೆ, ಒಂದು ವಾರ ಆಗಬಹುದು, ಹತ್ತಕ್ಕೂ ಸೊಪ್ಪು ಹಾಕುವುದು ಮರೆಯಬೇಡಿ ಎಂದಳು.

"ಬದುಕ್ತದಾ ವಜೀರಾ?" ದೊಡ್ಡಲಕ್ಷ್ಮಮ್ಮ ಕೂತಲ್ಲಿಂದಲೇ ಕೇಳಿದಳು.

"ಗುರ್ವಾರದ್ದು ತಾನೆ? ಬೇಜಾನ್ ಟೈಮ್ ಐತೆ. ಏಳಿ ಅಕ್ಕ, ಕನಕಪುರದ ಬಸ್ಸು ಹೋಗ್ಬುಡ್ತದೆ."

ಹಾಗೆಂದವಳೇ ತಿರುಗಿ ನೋಡದೆ ಬೀದಿಗಿಳಿದು ಬಿರುಸಾಗಿ ನಡೆದಳು. ದೊಡ್ಡಲಕ್ಷ್ಮಮ್ಮ ಖಾಲಿ ಮಂಕರಿಯನ್ನು ಜಗಲಿಯ ಮೇಲೆಯೇ ಮರೆತು, ಹುಂಜವನ್ನು ಎದೆಗವಚಿಕೊಂಡು ಅವಳ ಹಿಂದೆ ಓಡಿದಳು.